ಕ್ರೋಶಾ ಕಲಿಕೆ: ಕಡ್ಡಿ ಹಿಡಿಯುವುದರಿಂದ ಮೊದಲ ಚೌಕದವರೆಗೆ

ಕ್ರೋಶಾ, ಅಂದರೆ ತುದಿಯಲ್ಲಿ ಕೊಕ್ಕೆಯಿರುವ ಒಂದೇ ಕಡ್ಡಿಯಿಂದ ನೂಲು ಹೆಣೆಯುವುದನ್ನು, ಕಲಿಯಲು ಕೂತವರಲ್ಲಿ ಬಹಳಷ್ಟು ಮಂದಿ ಕೈಚೆಲ್ಲುವುದು ನಾಲ್ಕನೆಯ ಸಾಲಿನ ಆಸುಪಾಸಿನಲ್ಲಿ. ಚೈನ್ (ಒಂದರೊಳಗೊಂದು ಎಳೆದ ಕುಣಿಕೆಗಳ ಸರಪಳಿ) ಹಾಕಲು ಬಂದಿರುತ್ತದೆ, ಕಡ್ಡಿ ಹಿಡಿಯಲೂ ಬಂದಿರುತ್ತದೆ. ಆದರೂ ಚೌಕ ಆಗಬೇಕಾದದ್ದು ಸಾಲುಸಾಲಿಗೆ ಕಿರಿದಾಗುತ್ತಾ ತ್ರಿಕೋನದ ಕಡೆಗೆ ಹೊರಟಿರುತ್ತದೆ. ‘ಇದು ನನ್ನ ಕೈಗೆ ಒಗ್ಗುವ ವಿದ್ಯೆಯಲ್ಲ’ ಎಂದು ನೂಲನ್ನು ಚೀಲಕ್ಕೆ ತುರುಕಿಬಿಡುತ್ತಾರೆ. ಪಾಪ, ಕೈ ತನ್ನ ಕೆಲಸ ಸರಿಯಾಗಿಯೇ ಮಾಡಿರುತ್ತದೆ. ಹೆಣೆದದ್ದರಲ್ಲಿ ಯಾವುದು ಒಂದು ಸ್ಟಿಚ್, ಅದು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ ಎಂದು ಗುರುತಿಸಲು ಕಣ್ಣಿಗೆ ಇನ್ನೂ ಬಂದಿರುವುದಿಲ್ಲ, ಅಷ್ಟೆ. ಹಾಗಾಗಿ ಈ ಲೇಖನದಲ್ಲಿ ಕೈಗೆ ಹೇಳುವಷ್ಟನ್ನೇ ಕಣ್ಣಿಗೂ ಹೇಳಿದ್ದೇನೆ.

ಏನೇನು ಬೇಕು

ಒಂದು ಕಡ್ಡಿ, ಒಂದು ಉಂಡೆ ನೂಲು, ಕತ್ತರಿ, ಮೊಂಡು ತುದಿಯ ದೊಡ್ಡ ಕಣ್ಣಿನ ಸೂಜಿ, ಎರಡು ಮೂರು ಸೇಫ್ಟಿ ಪಿನ್ನು. ಇಷ್ಟೇ. ಹತ್ತಾರು ಕಡ್ಡಿಗಳ ಸೆಟ್ಟು ಈಗಲೇ ಬೇಡ.

ನೂಲಿನ ಆಯ್ಕೆಯಲ್ಲಿ ಮಾತ್ರ ಸ್ವಲ್ಪ ಹಟ ಇರಲಿ. ನಯವಾದ, ತಿಳಿ ಬಣ್ಣದ, ಮಧ್ಯಮ ದಪ್ಪದ ನೂಲು ಬೇಕು. ಕಪ್ಪು ಅಥವಾ ಕಡುನೀಲಿ ನೂಲಿನಲ್ಲಿ ಸ್ಟಿಚ್ ಕಾಣುವುದೇ ಇಲ್ಲ. ಪಳಗಿದವರೂ ರಾತ್ರಿ ಹೊತ್ತು ಅದನ್ನು ಹೆಣೆಯಲು ಬೇಸರಪಡುತ್ತಾರೆ. ಮೃದುವಾಗಿ ನವಿರು ನವಿರಾಗಿರುವ ತುಪ್ಪಳದ ನೂಲು ನೋಡಲು ಚೆಂದ, ಕಲಿಯಲು ಶತ್ರು: ಕುಣಿಕೆ ಎಲ್ಲಿದೆ ಎಂದು ಬೆರಳಿಗೂ ತಿಳಿಯುವುದಿಲ್ಲ, ಬಿಚ್ಚಲು ಹೋದರೆ ಗಂಟು ಬೀಳುತ್ತದೆ. ನೂಲಿನ ಲೇಬಲ್ಲಿನ ಮೇಲೆ 0ಯಿಂದ 7ರವರೆಗಿನ ಒಂದು ಅಂಕಿ ಇದ್ದರೆ ಅದು ದಪ್ಪದ ಗುರುತು. 4 ಎಂದಿರುವುದನ್ನು ತೆಗೆದುಕೊಳ್ಳಿ. ಅದೇ ಲೇಬಲ್ಲಿನಲ್ಲಿ ಯಾವ ಅಳತೆಯ ಕಡ್ಡಿ ಹೊಂದುತ್ತದೆ ಎಂದೂ ಇರುತ್ತದೆ. ಅದೇನೂ ಇಲ್ಲದಿದ್ದರೆ 5 ಅಥವಾ 5.5 ಮಿ.ಮೀ. ಕಡ್ಡಿಯಿಂದ ಶುರುಮಾಡಿ. ಲೇಸ್ ಹೆಣೆಯುವ ತೆಳ್ಳನೆಯ ಸ್ಟೀಲ್ ಕಡ್ಡಿಗಳೂ ಇವೆ, 1 ಮಿ.ಮೀ.ಗಿಂತ ಸಣ್ಣವೂ ಸಿಗುತ್ತವೆ. ಅವುಗಳ ತಂಟೆಗೆ ಸದ್ಯ ಹೋಗಬೇಡಿ.

ಅಕ್ರಿಲಿಕ್, ಹತ್ತಿ, ಉಣ್ಣೆ ಮೂರೂ ಆಗುತ್ತವೆ. ಹತ್ತಿ ಹಿಗ್ಗುವುದಿಲ್ಲವಾದ್ದರಿಂದ ಬಿಗಿಯಾಗಿ ಹೆಣೆಯುವವರ ಬೆರಳು ಬೇಗ ನೋಯುತ್ತದೆ. ಕಲಿಯುವಾಗ ನನ್ನ ಓಟು ಅಕ್ರಿಲಿಕ್‌ಗೆ ಅಥವಾ ಸಾದಾ ಉಣ್ಣೆಗೆ.

ಕಡ್ಡಿಯನ್ನೊಮ್ಮೆ ಹತ್ತಿರದಿಂದ ನೋಡಿ. ತುದಿಯಲ್ಲಿ ಕೊಕ್ಕೆ. ಅದರ ಕೆಳಗೆ ಕಿರಿದಾದ ಕತ್ತು. ಆಮೇಲೆ ದುಂಡನೆಯ ಮೈ, ಹೆಬ್ಬೆರಳಿಡಲು ಚಪ್ಪಟೆ ಜಾಗ, ಕೊನೆಗೆ ಹಿಡಿ. 5 ಮಿ.ಮೀ. ಎಂದರೆ ಆ ದುಂಡನೆಯ ಮೈಯ ಅಳತೆ. ಕುಣಿಕೆಗಳು ಕತ್ತಿನಲ್ಲೇ ಕೂತಿರಲು ಬಿಟ್ಟು ಹೆಣೆದರೆ ಅವು ಕಿರಿದಾಗಿಬಿಡುತ್ತವೆ, ಮುಂದಿನ ಸಾಲಿನಲ್ಲಿ ಕಡ್ಡಿ ಒಳಗೇ ಹೋಗುವುದಿಲ್ಲ. ಪ್ರತಿ ಸಲವೂ ಕುಣಿಕೆಯನ್ನು ಕತ್ತಿನಿಂದ ಮೈಯ ಮೇಲಕ್ಕೆ ಜಾರಿಸಿ. ‘ನನ್ನ ಹೆಣಿಗೆ ಯಾಕೋ ಹಲಗೆಯಾಗುತ್ತದೆ’ ಎನ್ನುವವರ ಅರ್ಧ ತೊಂದರೆ ಇಷ್ಟರಲ್ಲೇ ನಿವಾರಣೆಯಾಗುತ್ತದೆ.

ಎರಡು ಕೈಗಳ ಕೆಲಸ

ಕಡ್ಡಿಯನ್ನು ಪೆನ್ನಿನ ಹಾಗೆ ಹಿಡಿಯಬಹುದು, ಚಾಕುವಿನ ಹಾಗೆ ಅಂಗೈ ಕೆಳಮುಖ ಮಾಡಿಯೂ ಹಿಡಿಯಬಹುದು. ಯಾವುದು ಸರಿ ಎಂಬ ವಾದ ಕೊನೆಯಿಲ್ಲದ್ದು. ಮಣಿಕಟ್ಟು ನೋಯದಿರುವುದೇ ಸರಿ.

ನಿಜವಾದ ಕೆಲಸ ಇರುವುದು ಎಡಗೈಯಲ್ಲಿ. ಉಂಡೆಯಿಂದ ಬರುವ ನೂಲು ಎಷ್ಟು ಸಲೀಸಾಗಿ ಬಿಡಬೇಕು, ಎಷ್ಟು ತಡೆಯಬೇಕು ಎಂದು ನಿರ್ಧರಿಸುವುದು ಅದೇ. ನೂಲನ್ನು ಕಿರುಬೆರಳಿಗೆ ಒಂದು ಸುತ್ತು ಹಾಕಿ, ನಡುವಿನ ಎರಡು ಬೆರಳುಗಳ ಕೆಳಗಿಂದ ತಂದು, ತೋರುಬೆರಳಿನ ಮೇಲೆ ಹಾಯಿಸಿ. ತೋರುಬೆರಳು ತುಸು ಎತ್ತರದಲ್ಲಿ ನಿಂತಿರಲಿ; ಕಡ್ಡಿಗೂ ಆ ಬೆರಳಿಗೂ ನಡುವೆ ನೂಲು ನೆಟ್ಟಗೆ ಕಾಣಬೇಕು. ಹೆಬ್ಬೆರಳು ಮತ್ತು ನಡುಬೆರಳು ಹೆಣೆದ ಭಾಗವನ್ನು ಹಿಡಿದುಕೊಳ್ಳುತ್ತವೆ. ಶುರುವಿನಲ್ಲಿ ಇದೆಲ್ಲ ಸರ್ಕಸ್ಸು ಅನಿಸುತ್ತದೆ, ನೂಲು ಬೆರಳಿನಿಂದ ಜಾರುತ್ತಲೇ ಇರುತ್ತದೆ. ಜಾರಲಿ, ಮತ್ತೆ ಸುತ್ತಿಕೊಳ್ಳಿ.

ಎಡಚರು ಇದನ್ನೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ಅದಲುಬದಲು ಮಾಡಿಕೊಂಡರಾಯಿತು. ಬಲಗೈಯವರು ಸಾಲನ್ನು ಬಲದಿಂದ ಎಡಕ್ಕೆ ಹೆಣೆದರೆ ಅವರು ಎಡದಿಂದ ಬಲಕ್ಕೆ ಹೆಣೆಯುತ್ತಾರೆ. ಸ್ಟಿಚ್‌ಗಳ ಲೆಕ್ಕ ಬದಲಾಗುವುದಿಲ್ಲ.

ಜಾರುಗಂಟು

ನೂಲಿನ ತುದಿಯಿಂದ ಸುಮಾರು 15 ಸೆಂ.ಮೀ. ಬಿಟ್ಟು ಒಂದು ಸುರುಳಿ ಮಾಡಿ, ನೂಲು ತನ್ನನ್ನು ತಾನೇ ದಾಟುವಂತೆ. ಉಂಡೆಯ ಕಡೆಯ ನೂಲನ್ನು ಆ ಸುರುಳಿಯ ಒಳಗಿಂದ ಕುಣಿಕೆಯಾಗಿ ಎಳೆದು ತನ್ನಿ. ಬಾಲವನ್ನು ಎಳೆದರೆ ಗಂಟು ಬಿಗಿಯುತ್ತದೆ, ಉಂಡೆಯ ಕಡೆಯ ನೂಲನ್ನು ಎಳೆದರೆ ಕುಣಿಕೆ ಚಿಕ್ಕದಾಗುತ್ತದೆ. ಹಾಗಾದರೆ ಗಂಟು ಸರಿಯಾಗಿದೆ ಎಂದರ್ಥ. ಕುಣಿಕೆಯನ್ನು ಕಡ್ಡಿಗೆ ಹಾಕಿ, ಕಡ್ಡಿ ಸಲೀಸಾಗಿ ಹಿಂದೆಮುಂದೆ ಜಾರುವಷ್ಟು ಸಡಿಲ ಇಡಿ.

ಚೈನ್

ನೂಲನ್ನು ಕಡ್ಡಿಯ ಹಿಂದಿನಿಂದ ಮೇಲೆ ತಂದು ಮುಂದಕ್ಕೆ ಬರುವಂತೆ ಒಂದು ಸುತ್ತು ಹಾಕಿ. ಕೊಕ್ಕೆಯನ್ನು ತುಸು ಕೆಳಕ್ಕೆ ತಿರುಗಿಸಿ ಆ ನೂಲನ್ನು ಹಿಡಿದು ಕುಣಿಕೆಯೊಳಗಿಂದ ಎಳೆಯಿರಿ. ಒಂದು ಚೈನ್ ಆಯಿತು. ಮುಂದೆ ಎಲ್ಲ ಸ್ಟಿಚ್‌ಗಳಲ್ಲೂ ಬರುವ ‘ಸುತ್ತು’ ಇದೇ. ನೂಲನ್ನು ಹೀಗೆ ಸುತ್ತದೆ ಕೊಕ್ಕೆಯನ್ನೇ ನೂಲಿನ ಮೇಲೆ ಹಾಕಿ ಸೆಳೆದುಕೊಳ್ಳುವ ಅಭ್ಯಾಸ ಕೆಲವರಿಗಿರುತ್ತದೆ. ಅದರಿಂದಲೂ ಹೆಣಿಗೆ ಆಗುತ್ತದೆ, ಸಿಂಗಲ್ ಕ್ರೋಶಾ ಸ್ಟಿಚ್ ಮಾತ್ರ ‘ವಿ’ ಬದಲು ‘ಎಕ್ಸ್’ ಆಕಾರದಲ್ಲಿ ಬಿಗಿಯಾಗಿ ಕೂರುತ್ತದೆ. ಗೊಂಬೆ ಮಾಡುವವರು ಬೇಕೆಂದೇ ಹಾಗೆ ಮಾಡುವುದುಂಟು. ನೀವು ಸದ್ಯ ಸುತ್ತುವುದನ್ನೇ ರೂಢಿಸಿಕೊಳ್ಳಿ.

ಮೂವತ್ತು ನಲವತ್ತು ಚೈನ್ ಹಾಕಿ, ಎಳೆದು ಬಿಚ್ಚಿ, ಮತ್ತೆ ಹಾಕಿ. ಎಲ್ಲ ಒಂದೇ ಗಾತ್ರಕ್ಕೆ ಬರುವವರೆಗೂ ಮುಂದಿನ ಹೆಜ್ಜೆಗೆ ಆತುರ ಬೇಡ. ಕ್ರೋಶಾದಲ್ಲಿ ಯಾವಾಗಲೂ ಒಂದೇ ಕುಣಿಕೆ ತೆರೆದಿರುವುದರಿಂದ ಬಿಚ್ಚುವುದು ಸುಲಭ. ಎರಡು ಸೂಜಿಯ ಹೆಣಿಗೆಯ ಹಾಗೆ ಸಾಲಿನ ಅಷ್ಟೂ ಕುಣಿಕೆಗಳು ಜಾರಿಹೋಗುವ ಭಯವಿಲ್ಲ. ನಡುವೆ ಎದ್ದುಹೋಗಬೇಕಾದರೆ ಆ ಒಂದು ಕುಣಿಕೆಗೆ ಸೇಫ್ಟಿ ಪಿನ್ನು ಹಾಕಿದರೆ ಸಾಕು.

ಈಗ ಕಣ್ಣಿನ ಪಾಠ. ಚೈನನ್ನು ತಿರುಚಿಕೊಳ್ಳದಂತೆ ಮೇಜಿನ ಮೇಲೆ ಚಾಚಿ. ಮುಂಭಾಗದಲ್ಲಿ ಒಂದರೊಳಗೊಂದು ಕೂತ ‘ವಿ’ಗಳ ಸಾಲು ಕಾಣುತ್ತದೆ. ಒಂದು ‘ವಿ’ ಅಂದರೆ ಒಂದು ಚೈನ್. ತಿರುಗಿಸಿದರೆ ಬೆನ್ನಿನಲ್ಲಿ ಸಣ್ಣ ಸಣ್ಣ ಉಬ್ಬುಗಳು. ಎಣಿಸುವಾಗ ಕಡ್ಡಿಯ ಮೇಲಿರುವ ಕುಣಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು, ಶುರುವಿನ ಗಂಟನ್ನೂ ತೆಗೆದುಕೊಳ್ಳಬಾರದು. ಯಾವ ಮಾದರಿಯನ್ನು ನೋಡಿ ಹೆಣೆದರೂ ಲೆಕ್ಕ ಹೀಗೇ.

ಸಿಂಗಲ್ ಕ್ರೋಶಾ

16 ಚೈನ್ ಹಾಕಿ. 15 ಸ್ಟಿಚ್ ಬೇಕು. ಹೆಚ್ಚಿನ ಒಂದು ಚೈನ್ ಎತ್ತರಕ್ಕೆ. ಬುಡದ ಈ ಚೈನ್ ಸಾಲು ಪೂರ್ತಿ ಸ್ವಲ್ಪ ಸಡಿಲವಾಗಿಯೇ ಇರಲಿ. ಬಿಗಿಯಾದರೆ ಬುಡ ಕಿರಿದಾಗಿ ಇಡೀ ಚೌಕ ಬಿಲ್ಲಿನಂತೆ ಬಾಗುತ್ತದೆ. ಎಷ್ಟು ಹೇಳಿದರೂ ಕೈ ಬಿಗಿಯುತ್ತದೆ ಎನ್ನುವವರು ಚೈನನ್ನು ಮಾತ್ರ ಅರ್ಧ ಮಿ.ಮೀ. ದೊಡ್ಡ ಕಡ್ಡಿಯಲ್ಲಿ ಹಾಕಿ, ಆಮೇಲೆ ಮೊದಲಿನ ಕಡ್ಡಿಗೆ ಬರಬಹುದು.

ಕಡ್ಡಿಯಿಂದ ಎರಡನೆಯ ಚೈನ್‌ನಲ್ಲಿ ಶುರು. ‘ವಿ’ಯ ಮೇಲಿನ ಎಳೆಯ ಕೆಳಗೆ ಕಡ್ಡಿ ತೂರಿಸಿ. ಬೆನ್ನಿನ ಉಬ್ಬಿಗೆ ತೂರಿಸಿದರೆ ಅಂಚು ಇನ್ನೂ ಅಚ್ಚುಕಟ್ಟಾಗಿ ಬರುತ್ತದೆ, ಆದರೆ ಹೊಸಬರಿಗೆ ತಾಳ್ಮೆ ಕೆಡಿಸುವ ಕೆಲಸ. ಯಾವುದನ್ನೇ ಆರಿಸಿದರೂ ಸಾಲಿನ ಉದ್ದಕ್ಕೂ ಅದನ್ನೇ ಹಿಡಿಯಿರಿ.

1. ಕಡ್ಡಿ ತೂರಿಸಿ, ನೂಲು ಸುತ್ತಿ, ಹೊರಗೆಳೆಯಿರಿ. ಕಡ್ಡಿಯ ಮೇಲೆ ಈಗ ಎರಡು ಕುಣಿಕೆ.
2. ಮತ್ತೆ ನೂಲು ಸುತ್ತಿ, ಎರಡರೊಳಗಿಂದಲೂ ಒಟ್ಟಿಗೆ ಎಳೆಯಿರಿ. ಉಳಿಯುವುದು ಒಂದು.

ಇದೇ ಒಂದು ಸಿಂಗಲ್ ಕ್ರೋಶಾ. ಮೊದಲ ಹೆಜ್ಜೆಯಲ್ಲಿ ಹೊರಗೆಳೆದ ಕುಣಿಕೆಯ ಎತ್ತರವೇ ಸ್ಟಿಚ್‌ನ ಎತ್ತರವನ್ನು ನಿರ್ಧರಿಸುತ್ತದೆ. ಒಮ್ಮೆ ಮೊಟಕಾಗಿ, ಒಮ್ಮೆ ಉದ್ದಕ್ಕೆ ಎಳೆದರೆ ಸಾಲು ಏರಿಳಿತವಾಗುತ್ತದೆ. ಎಳೆದ ಕುಣಿಕೆ ಕಡ್ಡಿಯ ಮೈಯನ್ನು ಆರಾಮಾಗಿ ಸುತ್ತಿ ನಿಲ್ಲುವಷ್ಟು ಇರಲಿ, ಪ್ರತಿ ಸಲವೂ ಅಷ್ಟೇ.

ಕೊನೆಯ ಚೈನ್‌ವರೆಗೂ ಹೋಗಿ ಎಣಿಸಿ. 15 ಬರಬೇಕು. 14 ಬಂದಿದ್ದರೆ ಗಂಟಿನ ಪಕ್ಕದ ಪುಟ್ಟ ಚೈನ್ ತಪ್ಪಿಹೋಗಿದೆ.

ತಿರುವಿನಲ್ಲಿ ಎಡವುವುದು

ಸಾಲು ಮುಗಿದ ಮೇಲೆ 1 ಚೈನ್ ಹಾಕಿ, ಹೆಣಿಗೆಯನ್ನು ಪುಸ್ತಕದ ಹಾಳೆ ಮಗುಚಿದಂತೆ ಮಗುಚಿ. ಹೆಣೆದ ಸಾಲಿನ ನೆತ್ತಿಯನ್ನು ಮೇಲಿಂದ ನೋಡಿ: ಮಲಗಿಸಿಟ್ಟ ‘ವಿ’ಗಳ ಜಡೆ. ಇನ್ನು ಮುಂದೆ ಕಡ್ಡಿ ತೂರಿಸುವುದು ಈ ‘ವಿ’ಯ ಎರಡೂ ಎಳೆಗಳ ಕೆಳಗೆ. ಒಂದೇ ಎಳೆಗೆ ತೂರಿಸಿದರೆ ಅಡ್ಡ ಗೀರುಗಳು ಕಾಣಿಸಿಕೊಳ್ಳುತ್ತವೆ. ಕೆಲವು ವಿನ್ಯಾಸಗಳಲ್ಲಿ ಅದನ್ನೇ ಬೇಕೆಂದು ಮಾಡುತ್ತಾರೆ, ಇಲ್ಲಿ ಬೇಡ.

ಈಗ ಹಾಕಿದ 1 ಚೈನ್ ಬರೀ ಎತ್ತರಕ್ಕೆ, ಸ್ಟಿಚ್ ಎಂದು ಎಣಿಸುವುದಿಲ್ಲ. ಆದ್ದರಿಂದ ಹೊಸ ಸಾಲಿನ ಮೊದಲ ಸಿಂಗಲ್ ಕ್ರೋಶಾ ಆ ಚೈನ್‌ನ ಬುಡದಲ್ಲೇ ಇರುವ ಮೊಟ್ಟಮೊದಲ ‘ವಿ’ಗೆ ಬೀಳಬೇಕು. ಅದನ್ನು ಬಿಟ್ಟು ಪಕ್ಕದ್ದಕ್ಕೆ ಹೋದರೆ ಒಂದು ಸ್ಟಿಚ್ ಖೋತಾ. ಸಾಲಿನ ಇನ್ನೊಂದು ಕೊನೆಯಲ್ಲಿಯೂ ಇದೇ ಕಥೆ: ಕೊನೆಯ ‘ವಿ’ ತುಸು ಓರೆಯಾಗಿ, ಹಿಂದಿನ ತಿರುವಿನ ಚೈನ್‌ನ ಮಗ್ಗುಲಲ್ಲಿ ಅಡಗಿ ಕೂತಿರುತ್ತದೆ. ಸಾಲು ಮುಗಿಯಿತೆಂದು ತಿರುಗಿಸಿಬಿಟ್ಟರೆ ಅದೂ ಹೋಯಿತು. ಹೀಗೆ ಸಾಲಿಗೆ ಒಂದೋ ಎರಡೋ ಸೋರುತ್ತಾ ಹೋಗಿ ಚೌಕ ತ್ರಿಕೋನವಾಗುತ್ತದೆ. ತಿರುವಿನ ಚೈನನ್ನೇ ಸ್ಟಿಚ್ ಎಂದುಕೊಂಡು ಅದಕ್ಕೂ ಹೆಣೆಯುವವರ ಚೌಕ ಬೀಸಣಿಗೆಯಾಗುವುದೂ ಇದೆ.

ಇದಕ್ಕೆ ಮದ್ದು ಸೇಫ್ಟಿ ಪಿನ್ನು. ಪ್ರತಿ ಸಾಲಿನ ಮೊದಲ ಸ್ಟಿಚ್ ಹಾಕಿದ ಕೂಡಲೇ ಅದರ ನೆತ್ತಿಯ ‘ವಿ’ಗೆ ಪಿನ್ನು ಸಿಕ್ಕಿಸಿ. ಮುಂದಿನ ಸಾಲಿನಲ್ಲಿ ವಾಪಸು ಬರುವಾಗ ಅದೇ ಕೊನೆಯ ಸ್ಟಿಚ್. ಪಿನ್ನು ಇರುವ ಜಾಗಕ್ಕೆ ಹೆಣೆದೇ ಸಾಲು ಮುಗಿಸಿ. ಜೊತೆಗೆ ಸಾಲಿಗೊಮ್ಮೆ ಎಣಿಸಿ. ಬೇಜಾರಿನ ಕೆಲಸವೇ, ಆದರೆ ಹತ್ತು ಸಾಲು ಬಿಚ್ಚುವುದು ಇದಕ್ಕಿಂತ ಬೇಜಾರಿನದು. ಸ್ವಲ್ಪ ದಿನದಲ್ಲಿ ಕಣ್ಣೇ ‘ವಿ’ಗಳನ್ನು ಲೆಕ್ಕ ಹಾಕತೊಡಗುತ್ತದೆ, ಪಿನ್ನು ಪೆಟ್ಟಿಗೆ ಸೇರುತ್ತದೆ.

ಅಗಲದಷ್ಟೇ ಎತ್ತರ ಬರುವವರೆಗೆ ಹೆಣೆಯಿರಿ. ಚೌಕವಾಯಿತೇ ಎಂದು ತಿಳಿಯಲು ಸ್ಕೇಲು ಬೇಡ. ಒಂದು ಮೂಲೆಯನ್ನು ಓರೆಯಾಗಿ ಎದುರು ಮೂಲೆಗೆ ಮಡಚಿದಾಗ ಅಂಚುಗಳು ಒಂದರ ಮೇಲೊಂದು ಕೂತರೆ ಆಯಿತು.

ಹಲಗೆಯಂತೆ ಬಿರುಸಾಗಿದ್ದರೆ ಅರ್ಧ ಅಥವಾ ಒಂದು ಮಿ.ಮೀ. ದೊಡ್ಡ ಕಡ್ಡಿ ಹಿಡಿಯಿರಿ. ಬಲೆಯಂತೆ ಜೊಳ್ಳಾಗಿದ್ದರೆ ಚಿಕ್ಕದು. ಕೈಯ ಬಿಗಿತವನ್ನು ತಿದ್ದಲು ಹೆಣಗುವುದಕ್ಕಿಂತ ಕಡ್ಡಿ ಬದಲಿಸುವುದು ಎಷ್ಟೋ ಮೇಲು.

ಡಬಲ್ ಕ್ರೋಶಾ

ಇದು ಎತ್ತರದ ಸ್ಟಿಚ್, ಬಟ್ಟೆ ಬೇಗ ಬೆಳೆಯುತ್ತದೆ, ಮೈ ಬಳುಕುತ್ತದೆ. 15 ಸ್ಟಿಚ್‌ಗೆ ಈ ಸಲ 17 ಚೈನ್. ಮೊದಲು ನೂಲು ಸುತ್ತಿಕೊಂಡು, ಆಮೇಲೆ ಕಡ್ಡಿಯಿಂದ ನಾಲ್ಕನೆಯ ಚೈನ್‌ಗೆ ತೂರಿಸಿ. ನೂಲು ಸುತ್ತಿ ಹೊರಗೆಳೆದರೆ ಕಡ್ಡಿಯ ಮೇಲೆ ಮೂರು ಕುಣಿಕೆ. ಸುತ್ತಿ, ಎರಡರೊಳಗಿಂದ ಎಳೆಯಿರಿ. ಎರಡು ಉಳಿಯಿತು. ಮತ್ತೆ ಸುತ್ತಿ, ಆ ಎರಡರೊಳಗಿಂದಲೂ ಎಳೆಯಿರಿ. ಬಿಟ್ಟುಹೋದ ಮೂರು ಚೈನ್‌ಗಳು ಸೇರಿ ಒಂದು ಡಬಲ್ ಕ್ರೋಶಾ ಎಂದು ಲೆಕ್ಕ. ಉಳಿದ 14 ಚೈನ್‌ಗಳಲ್ಲಿ 14, ಒಟ್ಟು 15.

ಸಿಂಗಲ್ ಕ್ರೋಶಾದಲ್ಲಿ ಕಲಿತ ತಿರುವಿನ ನಿಯಮ ಇಲ್ಲಿ ತಲೆಕೆಳಗು. ತಿರುವಿಗೆ 3 ಚೈನ್, ಮತ್ತು ಅದೇ ಹೊಸ ಸಾಲಿನ ಮೊದಲ ಸ್ಟಿಚ್. ಹಾಗಾಗಿ ಬುಡದ ‘ವಿ’ಯನ್ನು ಬಿಟ್ಟು ಎರಡನೆಯದರಿಂದ ಹೆಣೆಯಬೇಕು, ಸಾಲಿನ ಕೊನೆಯಲ್ಲಿ ಹಿಂದಿನ ಸಾಲಿನ ಮೂರು ಚೈನ್‌ಗಳ ನೆತ್ತಿಗೆ, ಅಂದರೆ ಮೂರನೆಯ ಚೈನ್‌ಗೆ, ಕೊನೆಯ ಸ್ಟಿಚ್ ಹಾಕಬೇಕು. ಪಿನ್ನನ್ನು ಆ ಮೂರನೆಯ ಚೈನ್‌ಗೇ ಸಿಕ್ಕಿಸಿಡಿ.

ಇವೆರಡರ ನಡುವಿನ ಎತ್ತರದ್ದು ಹಾಫ್ ಡಬಲ್: ಸುತ್ತಿ ತೂರಿಸಿ, ಸುತ್ತಿ ಹೊರಗೆಳೆದು, ಕೊನೆಯಲ್ಲಿ ಮೂರೂ ಕುಣಿಕೆಗಳೊಳಗಿಂದ ಒಂದೇ ಏಟಿಗೆ ಎಳೆಯುವುದು. ತಿರುವಿಗೆ 2 ಚೈನ್. ಸ್ಲಿಪ್ ಸ್ಟಿಚ್ ಇನ್ನೂ ಸರಳ: ತೂರಿಸಿ, ಸುತ್ತಿ, ಎಲ್ಲದರೊಳಗಿಂದಲೂ ಎಳೆದುಬಿಡುವುದು. ಎತ್ತರ ಕೊಡುವುದಿಲ್ಲ, ಜೋಡಿಸಲು ಬೇಕಾಗುತ್ತದೆ.

ಇಲ್ಲೊಂದು ಎಚ್ಚರಿಕೆ. ನಾನು ಬಳಸುತ್ತಿರುವುದು ಅಮೆರಿಕದ ಹೆಸರುಗಳು, ವಿಡಿಯೊಗಳಲ್ಲಿ ಹೆಚ್ಚಾಗಿ ಕೇಳುವುದೂ ಇವೇ. ಬ್ರಿಟನ್ನಿನ ಪದ್ಧತಿಯಲ್ಲಿ ಅಮೆರಿಕದ ಸಿಂಗಲ್‌ಗೆ ಡಬಲ್ ಎನ್ನುತ್ತಾರೆ, ಅಮೆರಿಕದ ಡಬಲ್‌ಗೆ ಟ್ರೆಬಲ್, ಹಾಫ್ ಡಬಲ್‌ಗೆ ಹಾಫ್ ಟ್ರೆಬಲ್. ಸಿಂಗಲ್ ಎಂಬ ಹೆಸರು ಅವರಲ್ಲಿ ಇಲ್ಲ. ಆದ್ದರಿಂದ ಮಾದರಿಯಲ್ಲಿ ಎಲ್ಲಾದರೂ ಸಿಂಗಲ್ ಎಂದು ಕಂಡರೆ ಅದು ಅಮೆರಿಕದ್ದು, ಹಾಫ್ ಟ್ರೆಬಲ್ ಎಂದು ಕಂಡರೆ ಬಹುಪಾಲು ಬ್ರಿಟನ್ನಿನದು. ಇದನ್ನು ಗಮನಿಸದೆ ಶುರುಮಾಡಿದರೆ ಟೋಪಿ ಹೆಣೆಯಲು ಹೋಗಿ ಗೋಣಿಚೀಲ ಆದೀತು.

ದುಂಡಗೆ ಹೆಣೆಯುವುದು

ಚೌಕ ಸರಿಯಾಗಿ ಬಂದ ಮೇಲೆ ವೃತ್ತಕ್ಕೆ ಕೈಹಾಕಬಹುದು. 2 ಚೈನ್ ಹಾಕಿ, ಕಡ್ಡಿಯಿಂದ ಎರಡನೆಯ ಚೈನ್‌ನ ಒಳಗೇ 6 ಸಿಂಗಲ್ ಕ್ರೋಶಾ ಹೆಣೆಯಿರಿ. ಎರಡನೆಯ ಸುತ್ತಿನಲ್ಲಿ ಪ್ರತಿ ಸ್ಟಿಚ್‌ಗೆ ಎರಡೆರಡು, ಒಟ್ಟು 12. ಮೂರನೆಯದರಲ್ಲಿ ಒಂದಕ್ಕೆ ಒಂದು, ಮುಂದಿನದಕ್ಕೆ ಎರಡು, 18. ನಾಲ್ಕನೆಯದರಲ್ಲಿ ಎರಡಕ್ಕೆ ಒಂದೊಂದು, ಮೂರನೆಯದಕ್ಕೆ ಎರಡು, 24. ಸುತ್ತಿಗೆ ಆರರಂತೆ ಏರುತ್ತಾ ಹೋದರೆ ಬಿಲ್ಲೆ ಚಪ್ಪಟೆಯಾಗಿ ಮಲಗುತ್ತದೆ. ಸುತ್ತು ಎಲ್ಲಿ ಶುರುವಾಯಿತು ಎಂದು ಕಣ್ಣಿಗೆ ತಿಳಿಯುವುದಿಲ್ಲವಾದ್ದರಿಂದ ಮೊದಲ ಸ್ಟಿಚ್‌ಗೆ ಪಿನ್ನು ಇಲ್ಲಿ ಕಡ್ಡಾಯ.

ಏರಿಸುವುದನ್ನು ನಿಲ್ಲಿಸಿದರೆ ಬಿಲ್ಲೆ ಬಟ್ಟಲಾಗುತ್ತದೆ. ಟೋಪಿ, ಗೊಂಬೆಯ ತಲೆ ಎಲ್ಲ ಹುಟ್ಟುವುದು ಹಾಗೆ. ಅಗತ್ಯಕ್ಕಿಂತ ಹೆಚ್ಚು ಏರಿಸಿದರೆ ಅಂಚು ನಿರಿಗೆ ನಿರಿಗೆಯಾಗಿ ಅಲೆಯೇಳುತ್ತದೆ. ಈ ನಿರಿಗೆ ಕೆಟ್ಟ ಹೆಣಿಗೆಯ ಲಕ್ಷಣವೆಂದು ಬೇಸರಿಸುವವರಿಗೆ ಒಂದು ಸಂಗತಿ: ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ ಡೈನಾ ತೈಮಿನಾ 1997ರಲ್ಲಿ ಇದೇ ತಂತ್ರದಿಂದ, ಒಂದೇ ಅನುಪಾತದಲ್ಲಿ ಸ್ಟಿಚ್ ಏರಿಸುತ್ತಾ, ಹೈಪರ್ಬಾಲಿಕ್ ಜ್ಯಾಮಿತಿಯ ಮೇಲ್ಮೈಗಳನ್ನು (ಅಂಚಿನ ಕಡೆಗೆ ಹೋದಷ್ಟೂ ಅಲೆ ಅಲೆಯಾಗಿ ಹಿಗ್ಗುವ ಆಕಾರಗಳನ್ನು) ಕ್ರೋಶಾದಲ್ಲಿ ಹೆಣೆದು ವಿದ್ಯಾರ್ಥಿಗಳ ಕೈಗೆ ಕೊಟ್ಟರು. ಕಾಗದದಲ್ಲಿ ಮಾಡಿದರೆ ಹರಿದುಹೋಗುತ್ತಿದ್ದ ಆಕಾರಗಳು ನೂಲಿನಲ್ಲಿ ಗಟ್ಟಿಯಾಗಿ ನಿಂತವು.

ಚೌಕ, ಬಿಲ್ಲೆ ಎರಡೂ ಕೈಗೆ ಬಂದ ಮೇಲೆ ಮೊದಲ ಉಪಯುಕ್ತ ವಸ್ತುವಾಗಿ ಒರೆಸುವ ಬಟ್ಟೆಯನ್ನೋ ನೇರವಾದ ಮಫ್ಲರನ್ನೋ ಆರಿಸಿ. ಗೊಂಬೆಯ ಚಿತ್ರ ನೋಡಿ ಮರುಳಾಗುವುದು ಸಹಜ, ಆದರೆ ಅದರಲ್ಲಿ ಹೆಣೆಯುವುದಕ್ಕಿಂತ ಬಿಡಿಭಾಗಗಳನ್ನು ಹೊಲಿದು ಜೋಡಿಸುವ ಗೋಳೇ ಹೆಚ್ಚು. ಬಿಸಿ ಪಾತ್ರೆ ಹಿಡಿಯುವ ಬಟ್ಟೆ ಮಾಡುವುದಾದರೆ ಹತ್ತಿಯನ್ನೇ ಬಳಸಿ. ಅಕ್ರಿಲಿಕ್ ಕಾವಿಗೆ ಕರಗುತ್ತದೆ. ಒಂದಕ್ಕಿಂತ ಹೆಚ್ಚು ಉಂಡೆ ಬೇಕಾದಾಗ ಲೇಬಲ್ಲಿನಲ್ಲಿರುವ ಡೈ ಲಾಟ್ ಸಂಖ್ಯೆ (ಯಾವ ಸಲದ ಬಣ್ಣದಲ್ಲಿ ಅದ್ದಿದ ನೂಲು ಎಂಬ ಗುರುತು) ಒಂದೇ ಇದೆಯೇ ನೋಡಿಕೊಳ್ಳಿ. ಇಲ್ಲದಿದ್ದರೆ ಒಂದೇ ಬಣ್ಣವೆಂದು ಕೊಂಡ ಉಂಡೆಗಳು ಹೆಣೆದ ಮೇಲೆ ಪಟ್ಟೆ ಪಟ್ಟೆಯಾಗಿ ಕಾಣುತ್ತವೆ.

ಮುಗಿಸುವುದು

ಕೊನೆಯ ಸ್ಟಿಚ್ ಆದ ಮೇಲೆ 15 ಸೆಂ.ಮೀ. ಬಿಟ್ಟು ನೂಲು ಕತ್ತರಿಸಿ, ತುದಿಯನ್ನು ಕೊನೆಯ ಕುಣಿಕೆಯೊಳಗಿಂದ ಪೂರ್ತಿ ಎಳೆದು ಬಿಗಿಯಿರಿ. ಉಳಿದ ಬಾಲವನ್ನು ಗಂಟು ಹಾಕಿ ಬುಡಕ್ಕೇ ಕತ್ತರಿಸಬೇಡಿ, ನಾಲ್ಕು ಸಲ ಒಗೆಯುವಷ್ಟರಲ್ಲಿ ಬಿಚ್ಚಿಕೊಳ್ಳುತ್ತದೆ. ಸೂಜಿಗೆ ಪೋಣಿಸಿ ಹೆಣಿಗೆಯ ಹಿಂಬದಿಯಲ್ಲಿ ಸ್ಟಿಚ್‌ಗಳ ಒಳಗಿಂದ ಒಂದು ದಿಕ್ಕಿಗೆ ನಾಲ್ಕೈದು ಸೆಂ.ಮೀ. ಹಾಯಿಸಿ, ಒಂದು ಎಳೆ ಬಿಟ್ಟು ವಾಪಸು ತನ್ನಿ, ಸಾಧ್ಯವಾದರೆ ಮತ್ತೊಮ್ಮೆ ಹೋಗಿ. ಶುರುವಿನ ಬಾಲಕ್ಕೂ ಇದೇ ಉಪಚಾರ.

ಅಂಚು ಸುರುಟಿಕೊಂಡಿದ್ದರೆ ಒದ್ದೆ ಮಾಡಿ, ಮೆಲ್ಲಗೆ ಹಿಂಡಿ, ದಪ್ಪ ಬಟ್ಟೆಯ ಮೇಲೆ ಬೇಕಾದ ಅಳತೆಗೆ ಎಳೆದು ಗುಂಡುಪಿನ್ನು ಚುಚ್ಚಿ ಒಣಗಲು ಬಿಡಿ. ಪಿನ್ನು ತುಕ್ಕು ಹಿಡಿಯದ್ದಾಗಿರಲಿ. ಹತ್ತಿ ಮತ್ತು ಉಣ್ಣೆ ಇದಕ್ಕೆ ಚೆನ್ನಾಗಿ ಬಗ್ಗುತ್ತವೆ, ಅಕ್ರಿಲಿಕ್ ಅಷ್ಟಾಗಿ ಅಲ್ಲ. ಸಾದಾ ಉಣ್ಣೆಯನ್ನು ಬಿಸಿನೀರಿನಲ್ಲಿ ಉಜ್ಜಿದರೆ ಕುಗ್ಗಿ ಕಂಬಳಿಯಂತೆ ಗಟ್ಟಿಯಾಗುತ್ತದೆ, ತಣ್ಣೀರೇ ಇರಲಿ. ಅಕ್ರಿಲಿಕ್ ಮೇಲೆ ಇಸ್ತ್ರಿಪೆಟ್ಟಿಗೆ ಇಡಬೇಡಿ: ಒಮ್ಮೆ ಕರಗಿ ಜೋತುಬಿದ್ದ ನೂಲನ್ನು ಮೊದಲಿನಂತೆ ಮಾಡಲು ಆಗುವುದಿಲ್ಲ.